ಗೀರನ್ನು ತಾನೇ ಮುಚ್ಚಿಕೊಳ್ಳುವ ಲೇಪನ: ಉಕ್ಕಿಗೆ ಎಷ್ಟು ರಕ್ಷೆ?

ಪ್ರಶ್ನೆ: ನಮಸ್ಕಾರ ಸರ್. ಉಕ್ಕಿನ ಟ್ಯಾಂಕುಗಳ ನಿರ್ವಹಣೆ ನನ್ನ ಕೆಲಸ. ಎಪಾಕ್ಸಿ ಬಣ್ಣ ಬಳಿದ ಮೇಲೆ ಏಣಿ ಒರಗಿಸುವಾಗಲೋ ಸ್ಪ್ಯಾನರ್ ತಾಗಿದಾಗಲೋ ಗೀರು ಬೀಳುತ್ತದೆ. ಕೆಲವೇ ತಿಂಗಳಲ್ಲಿ ಆ ಗೀರಿನ ಇಕ್ಕೆಲಗಳಲ್ಲೂ ಬಣ್ಣದ ಅಡಿಯಲ್ಲಿ ತುಕ್ಕು ಹರಡಿರುತ್ತದೆ. ತಾನೇ ಗುಣವಾಗುವ ಲೇಪನಗಳು ಹೇಗೆ ಕೆಲಸ ಮಾಡುತ್ತವೆ? ಅವನ್ನು ಬಳಸಿದರೆ ಬಣ್ಣಕ್ಕೆ ಮುಂಚೆ ಉಕ್ಕನ್ನು ಉಜ್ಜಿ ಶುಚಿಮಾಡುವ ಶ್ರಮ ಕಡಿಮೆಯಾದೀತೇ?

ಉತ್ತರ: ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚಿನ ಹಾನಿ ಆಗುವುದು ಅಲ್ಲಿಯೇ. ಆ ಶ್ರಮವನ್ನು ದಯವಿಟ್ಟು ಕಡಿಮೆ ಮಾಡಬೇಡಿ. ಲೇಪನದ ಅಡಿಯಲ್ಲಿ ಉಳಿದ ಉಪ್ಪು ತೇವವನ್ನು ಸೆಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಹಿಡಿತವನ್ನೇ ಕಳೆದುಕೊಂಡ ಬಣ್ಣಕ್ಕೆ ಯಾವ ಸ್ವಯಂಚಿಕಿತ್ಸೆಯೂ ನೆರವಾಗದು.

ಇನ್ನು ಕೆಲಸದ ಬಗೆ. 2001ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ದ್ರವ ತುಂಬಿದ ಸೂಕ್ಷ್ಮ ಕೋಶಗಳನ್ನು ಎಪಾಕ್ಸಿಯೊಳಗೆ ಹುದುಗಿಸಿ, ಬಿರುಕು ಬಿಟ್ಟಾಗ ಅವು ಒಡೆದು, ಹೊರಬಂದ ದ್ರವವು ವೇಗವರ್ಧಕವನ್ನು ಸೇರಿ ಗಟ್ಟಿಯಾಗುವುದನ್ನು ತೋರಿಸಿದರು. ಇದೇ ತತ್ತ್ವದಲ್ಲಿ ಅಗಸೆ ಎಣ್ಣೆ ತುಂಬಿದ ಕೋಶಗಳನ್ನೂ ಲೇಪನಗಳಲ್ಲಿ ಬಳಸಿ ನೋಡಿದ್ದಾರೆ. ಆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ತಾನೇ ಪದರವಾಗಿ ಒಣಗುತ್ತದೆ. ಆದರೆ ಟ್ಯಾಂಕಿನ ಒಳಗೆ, ನೀರಿನಲ್ಲಿ ಮುಳುಗಿರುವ ಭಾಗಕ್ಕೆ ಆಮ್ಲಜನಕ ಸಿಗುವುದು ಅತ್ಯಲ್ಪವಾದ್ದರಿಂದ ಅಲ್ಲಿ ಈ ಬಗೆಯನ್ನು ನಾನು ನೆಚ್ಚುವುದಿಲ್ಲ.

ನನಗೆ ಹೆಚ್ಚು ಭರವಸೆ ಇರುವುದು ಇನ್ನೊಂದು ದಾರಿಯಲ್ಲಿ. ಇಲ್ಲಿ ಗೀರು ಮುಚ್ಚುವುದಿಲ್ಲ. ಗೀರಿನ ತಳದಲ್ಲಿ ಬಯಲಾದ ಉಕ್ಕಿಗೆ ತುಕ್ಕುನಿರೋಧಕ ರಾಸಾಯನಿಕ ತಲುಪುತ್ತದೆ. ಹಿಂದೆ ಈ ಕೆಲಸವನ್ನು ಕ್ರೋಮೇಟ್ ಎಂಬ ಕ್ರೋಮಿಯಂ ಲವಣ ಬಹಳ ಚೆನ್ನಾಗಿ ಮಾಡುತ್ತಿತ್ತು, ಆದರೆ ಅದರಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕವಾದ್ದರಿಂದ ಅದನ್ನು ಹಲವೆಡೆ ಕೈಬಿಡಬೇಕಾಗಿ ಬಂದಿದೆ. ಬದಲಿಗಳಲ್ಲಿ ಸೀರಿಯಂ ಎಂಬ ಲೋಹದ ಲವಣಗಳು ಗಮನಾರ್ಹ: ತುಕ್ಕು ಹಿಡಿಯುವಾಗ ಆಮ್ಲಜನಕ ಅಪಕರ್ಷಣಗೊಳ್ಳುವ (ಎಲೆಕ್ಟ್ರಾನ್ ಪಡೆಯುವ) ಜಾಗದಲ್ಲಿ ಕ್ಷಾರೀಯತೆ ಏರುತ್ತದೆ, ಅಲ್ಲಿಯೇ ಸೀರಿಯಂ ಹೈಡ್ರಾಕ್ಸೈಡ್ ಕರಗದ ಪದರವಾಗಿ ಕುಳಿತು ಆ ಕ್ರಿಯೆಯನ್ನು ತಡೆಯುತ್ತದೆ. ಎಲ್ಲಿ ರೋಗವೋ ಅಲ್ಲಿಗೇ ಮದ್ದು ಹೋಗಿ ಸೇರುವ ಈ ಏರ್ಪಾಡು ಇಷ್ಟು ವರ್ಷಗಳ ನಂತರವೂ ನನ್ನಲ್ಲಿ ಬೆರಗು ಹುಟ್ಟಿಸುತ್ತದೆ.

ಮರುಪ್ರಶ್ನೆ: ಅದೇ ಜಾಗದಲ್ಲಿ ಎರಡನೆಯ ಬಾರಿ ಗೀರು ಬಿದ್ದರೆ? ಮಾರುವವರ ಮಾತನ್ನು ಪರೀಕ್ಷಿಸುವುದು ಹೇಗೆ ಸರ್?

ಉತ್ತರ: ಒಡೆದ ಕೋಶ ಮತ್ತೆ ತುಂಬುವುದಿಲ್ಲ, ಆದ್ದರಿಂದ ಅದೇ ಜಾಗದಲ್ಲಿ ಎರಡನೆಯ ರಕ್ಷೆಯನ್ನು ನಿರೀಕ್ಷಿಸಬೇಡಿ. ಕೋಶಗಳನ್ನು ಹೆಚ್ಚಿಸಿದರಾಯಿತು ಎನ್ನುವಂತೆಯೂ ಇಲ್ಲ. ಮಿತಿ ಮೀರಿದರೆ ಲೇಪನವೇ ದುರ್ಬಲವಾಗುತ್ತದೆ.

ಗೀರು ಕಣ್ಣಿಗೆ ಮಾಯವಾದ ಚಿತ್ರವನ್ನು ತೋರಿಸಿದರೆ ಒಪ್ಪಿಕೊಳ್ಳಬೇಡಿ, ಏಕೆಂದರೆ ಮುಚ್ಚಿದಂತೆ ಕಂಡ ಗೀರಿನಲ್ಲಿಯೂ ನೀರು ಇಳಿಯಬಹುದು. ಗೀರು ಹಾಕಿದ ಫಲಕವನ್ನು ಉಪ್ಪುನೀರಿನಲ್ಲಿ ಇರಿಸಿ, ಕಡಿಮೆ ಆವರ್ತನದಲ್ಲಿ ಅಳೆದ ವಿದ್ಯುತ್ ಪ್ರತಿಬಾಧೆಯು (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ದಿನಗಳು ಕಳೆದಂತೆ ಮೇಲೇರಿ ನಿಂತಿದೆಯೇ ಎಂಬ ದಾಖಲೆಯನ್ನು ಕೇಳಿ. ಆ ಗೀರಿನ ಅಗಲ ಎಷ್ಟು ಮೈಕ್ರಾನ್ ಎಂಬುದನ್ನೂ ಕೇಳಿ. ಕೂದಲೆಳೆಯಷ್ಟು ಸಣ್ಣ ಗೀರಿನಲ್ಲಿ ಗೆದ್ದ ಲೇಪನ ಸ್ಪ್ಯಾನರ್ ಕೆತ್ತಿದ ಗಾಯದಲ್ಲಿ ಸೋಲಬಹುದು. ಅಂತಹ ಗಾಯವನ್ನು ಕಂಡ ಕೂಡಲೇ ಸುತ್ತಲಿನ ಸಡಿಲ ಬಣ್ಣವನ್ನು ಕೆರೆದು, ಉಪ್ಪನ್ನು ತೊಳೆದು, ಒಣಗಿಸಿ, ಪ್ರೈಮರ್‌ನಿಂದ ಮೊದಲುಗೊಂಡು ಮತ್ತೆ ಬಳಿಯಿರಿ.