ಸಹಾಯ ಬೇಕು: ಕೆಲಸ ಬಿಟ್ಟು ಕಾದಂಬರಿ ಬರೆಯಬಹುದೇ?

ಮಾನ್ಯರೇ, ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನೆಲೆಸಿ ಲೆಕ್ಕಪತ್ರದ ಕೆಲಸ ಮಾಡುವ ನನ್ನ ಓದೆಲ್ಲ ನಡೆದಿರುವುದು ಬೆಳಗಿನ ಲೋಕಲ್ ರೈಲಿನಲ್ಲಿ, ಒಂದು ಕೈಯಲ್ಲಿ ಮೇಲಿನ ಹಿಡಿಕೆ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದಲೇ ಪುಟ ಮಗುಚುತ್ತ (ಠಾಣೆ ನಿಲ್ದಾಣ ದಾಟಿದ ಮೇಲೆ ನೂಕುನುಗ್ಗಲಿನಲ್ಲಿ ಅದೂ ಆಗುವುದಿಲ್ಲ). ಚಾಳೊಂದರ (ಒಂದೊಂದು ಕೋಣೆಯ ಬಾಡಿಗೆ ಮನೆಗಳ ಸಾಲುಕಟ್ಟಡ) ಕುರಿತ ನನ್ನ ಮೊದಲ ಕಾದಂಬರಿ 140ನೆಯ ಪುಟದಲ್ಲಿ ನಿಂತಿದೆ. ಪೂರ್ಣಾವಧಿ ಬರೆಯಬೇಕೆಂಬ ಆಸೆಯಿದೆ. ಗೌರವಧನದಿಂದ ಮನೆಸಾಲದ ಕಂತು ತೀರದೆಂಬ ಅರಿವೂ ಇದೆ. ಇದೇ ಮುಂಬಯಿಯಲ್ಲಿ ಉದ್ಯೋಗದಲ್ಲಿದ್ದುಕೊಂಡೇ ಯಶವಂತ ಚಿತ್ತಾಲರು 1979ರಲ್ಲಿ ‘ಶಿಕಾರಿ’ ಕಾದಂಬರಿ ಪ್ರಕಟಿಸಿದ್ದನ್ನು ನೆನೆದರೆ ನನ್ನ ಅವಸರಕ್ಕೆ ನಾಚಿಕೆಯಾಗುತ್ತದೆ.

ಸಂಬಳವಿಲ್ಲದ ರಜೆ ಪಡೆದು ಬರೆದವರು ಇಲ್ಲಿದ್ದರೆ, ಎಷ್ಟು ತಿಂಗಳ ಖರ್ಚು ಕೂಡಿಟ್ಟುಕೊಂಡಿರೆಂದು ದಯವಿಟ್ಟು ತಿಳಿಸಿರಿ. ಹಸ್ತಪ್ರತಿಯನ್ನು ದಾಕ್ಷಿಣ್ಯವಿಲ್ಲದೆ ತಿದ್ದಬಲ್ಲ ಹಿರಿಯರಿದ್ದರೆ, ಯಾವುದೇ ಭಾನುವಾರ ಮುಂಬಯಿಯ ಮಾಟುಂಗಾದಲ್ಲಿರುವ ಕನ್ನಡಿಗರ ಸಂಸ್ಥೆ ಮೈಸೂರು ಅಸೋಸಿಯೇಷನ್ ಬಳಿ ಬಂದು ಕಾಣುತ್ತೇನೆ.