ಸಿಡಿಲಿಗೆ ಎಸ್‌ಪಿಡಿ (ದಿಢೀರ್ ನುಗ್ಗೋ ವೋಲ್ಟೇಜು ತಡೆಯೋ ಸಾಧನ) ಹಾಕ್ಸೋಣ ಅಂತಿದೀನಿ, ಯಾವುದು ತಗೊಳ್ಳಲಿ?

ತೋಟದಮನೆ:
ನಮಸ್ಕಾರ ಎಲ್ರಿಗೂ. ನಮ್ದು ತೀರ್ಥಹಳ್ಳಿ ಹತ್ರ ಒಂಟಿ ಮನೆ, ಲೈನಿಗೆ ನಾವೇ ಕೊನೆ, ಕರೆಂಟು ಕಂಬದ ಮೇಲೆ ತೋಟ ದಾಟ್ಕೊಂಡು ಬರ್ಬೇಕು, ಸಿಂಗಲ್ ಫೇಸ್. ಹೋದ ಮೇನಲ್ಲಿ ಮನೆ ಹಿಂದಿನ ತೆಂಗಿನ ಮರಕ್ಕೆ ಸಿಡಿಲು ಹೊಡ್ದು ಟಿವಿ, ರೂಟರ್, ಫ್ರಿಜ್ ಬೋರ್ಡು ಮೂರೂ ಒಂದೇ ಏಟಿಗೆ ಹೋದ್ವು, ಫ್ರಿಜ್ಜಿಗೆ ಸ್ಟೆಬಿಲೈಸರ್ ಇತ್ತು ಅದೂ ಸುಟ್ಟೋಯ್ತು. ಅಂಗಡೀಲಿ ಎರಡು ತೋರ್ಸಿದ್ರು, ಒಂದು ಟೈಪ್ 2, 40 ಕೆಎ (ಕಿಲೋಆಂಪಿಯರ್), 275 ವೋಲ್ಟ್, ಇನ್ನೊಂದು ಟೈಪ್ 1+2, ರೇಟು ಜಾಸ್ತಿ. ನಮ್ ಎಲೆಕ್ಟ್ರಿಷಿಯನ್ ಕೆಎ ಎಷ್ಟು ದೊಡ್ದಿದ್ರೆ ಅಷ್ಟು ಒಳ್ಳೇದು ಅಂತಾನೆ. ಹೌದಾ?

ಬೋರ್ಡ್‌ಕೆಲಸ:
ಸರ್, ಸ್ಟೆಬಿಲೈಸರ್ ಇರೋದು ನಿಧಾನಕ್ಕೆ ಏರಿಳಿಯೋ ವೋಲ್ಟೇಜಿಗೆ, ಸಿಡಿಲಿನ ಸರ್ಜ್, ಅಂದ್ರೆ ದಿಢೀರ್ ನುಗ್ಗೋ ವೋಲ್ಟೇಜು, ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಬಂದು ಹೋಗುತ್ತೆ, ಅದರ ರಿಲೇ ಕಣ್ ಬಿಡೋದ್ರೊಳಗೆ ಕತೆ ಮುಗ್ದಿರುತ್ತೆ.

ಬಾಕ್ಸ್ ಮೇಲೆ ದಪ್ಪಕ್ಕೆ ಬರ್ದಿರೋ 40 ಕೆಎ ಐ-ಮ್ಯಾಕ್ಸ್, ಅಂದ್ರೆ ಒಂದ್ಸಲ ತಡ್ಕೊಳ್ಳೋ ಗರಿಷ್ಠ. ಪದೇ ಪದೇ ತಡ್ಕೊಳ್ಳೋದು ಐ-ಎನ್, 40ರದ್ದಕ್ಕೆ ಸಾಮಾನ್ಯವಾಗಿ 20 ಇರುತ್ತೆ. ಅದಕ್ಕಿಂತ ಮುಖ್ಯ ಯು-ಪಿ, ಸರ್ಜ್ ಬಂದಾಗ ಎಷ್ಟು ವೋಲ್ಟಿಗೆ ಕಟ್ಟಿ ಹಾಕುತ್ತೆ ಅನ್ನೋದು. 230 ವೋಲ್ಟಿನ ಟಿವಿ, ಫ್ರಿಜ್ಜು ತಡ್ಕೊಳ್ಳೋದು 2.5 ಕೆವಿ (2500 ವೋಲ್ಟ್) ಅಂತ ಲೆಕ್ಕ, ಹಾಗಾಗಿ ಯು-ಪಿ 1.5 ಕೆವಿ ಅಥವಾ ಅದಕ್ಕಿಂತ ಕಮ್ಮಿ ಇರ್ಲಿ. ಯು-ಸಿ, ಅಂದ್ರೆ ಸದಾ ತಡ್ಕೊಳ್ಳೋ ವೋಲ್ಟೇಜು, 275 ಬದ್ಲು 320 ತಗೊಳ್ಳಿ, ಹಳ್ಳಿ ಕಡೆ ರಾತ್ರಿ ಲೋಡ್ ಇಳಿದಾಗ ವೋಲ್ಟೇಜ್ 260 ಮುಟ್ಟೋದೇನು ಹೊಸ್ತಲ್ಲ.

ಟೈಪ್ 1 ಟೆಸ್ಟ್ ಮಾಡೋದು 10/350 ಅಲೆಯಲ್ಲಿ (ಏರೋಕೆ 10, ಅರ್ಧಕ್ಕೆ ಇಳಿಯೋಕೆ 350 ಮೈಕ್ರೋಸೆಕೆಂಡ್), ಟೈಪ್ 2 ಮಾಡೋದು 8/20ರಲ್ಲಿ, ಮೊದಲನೇದರಲ್ಲಿ ಹರಿಯೋ ಚಾರ್ಜ್ ಎಷ್ಟೋ ಪಟ್ಟು ಜಾಸ್ತಿ. ಮನೆ ಮೇಲೆ ಮಿಂಚುವಾಹಕ ಇದ್ರೆ ಟೈಪ್ 1 ಬೇಕೇ ಬೇಕು. ನಿಮ್ದು ಓಪನ್ ಲೈನಿನ ಕೊನೇ ಮನೆ, ದುಡ್ಡಿದ್ರೆ 1+2 ಹಾಕ್ಸಿ, ಇಲ್ಲಾಂದ್ರೆ ಒಳ್ಳೆ ಟೈಪ್ 2 ಸರಿಯಾಗಿ ಹಾಕಿದ್ರೂ ತುಂಬ ವಾಸಿ.

ಸರಿಯಾಗಿ ಅಂದ್ರೆ ಏನು? ಎಸ್‌ಪಿಡಿಗೆ ಫೇಸಿಂದ ಬರೋ ವೈರು, ಅಲ್ಲಿಂದ ಅರ್ತ್ ಬಾರಿಗೆ (ಅರ್ತ್ ವೈರೆಲ್ಲ ಸೇರೋ ಪಟ್ಟಿ) ಹೋಗೋ ವೈರು, ಎರಡೂ ಸೇರಿ ಅರ್ಧ ಮೀಟರ್ ಒಳಗಿರ್ಬೇಕು. ಸರ್ಜ್ ಹೊತ್ತಲ್ಲಿ ಒಂದು ಮೀಟರ್ ವೈರಿನ ಮೇಲೇನೇ ಹೆಚ್ಚೂಕಮ್ಮಿ ಸಾವಿರ ವೋಲ್ಟ್ ಬೀಳುತ್ತೆ, ನಿಮ್ 1.5ಕ್ಕೆ ಅದು ಕೂಡಿದ್ರೆ 2.5 ಆಯ್ತಲ್ಲ, ಹಾಕ್ಸಿ ಏನ್ ಬಂತು. ನಾನ್ ನೋಡಿದ ಬೋರ್ಡುಗಳಲ್ಲಿ ಮುಕ್ಕಾಲು ಪಾಲು ತಪ್ಪು ಇಲ್ಲೇ, ವೈರನ್ನ ನೀಟಾಗಿ ಕಾಣ್ಲಿ ಅಂತ ಸುತ್ತು ಹಾಕಿ ಕಟ್ಟಿರ್ತಾರೆ.

ಕಡಲತಡಿ:
ಇಷ್ಟೆಲ್ಲ ಯಾಕೆ ಮಾರಾಯ್ರೆ, ಒಂದು ಸ್ಪೈಕ್ ಗಾರ್ಡ್ ತಗೊಳ್ಳಿ ಸಾಕು. ನಮ್ಮನೇಲಿ ಆರು ವರ್ಷದಿಂದ ಉಂಟು, ಏನೂ ಆಗ್ಲಿಲ್ಲ.

ಬೋರ್ಡ್‌ಕೆಲಸ:
@ಕಡಲತಡಿ ಆರು ವರ್ಷ ಸಿಡಿಲೇ ಬಿದ್ದಿಲ್ಲ ಅಂತಾನೂ ಇರ್ಬಹುದಲ್ವಾ ಸರ್ 😀 ಅದರೊಳಗೆ ಇರೋದು ಪುಟ್ಟ ಎಂಒವಿ (ಸರ್ಜ್ ಹೀರೋ ಬಿಡಿಭಾಗ), ಕೆಲವದ್ರಲ್ಲಿ ಬರೀ ಸ್ವಿಚ್ಚು. ಮೇನ್ ಬೋರ್ಡಲ್ಲಿ ದೊಡ್ಡದು ಹಾಕಿ ಆಮೇಲೆ ಟಿವಿ ಹತ್ರ ಅದೂ ಇರ್ಲಿ, ಬೇಡ ಅನ್ನಲ್ಲ.

ನ್ಯೂಟ್ರಲ್‌ಕಟ್:
ಒಂದು ಮಾತು. ನಮ್ಮಲ್ಲಿ ಕಂಬದಲ್ಲಿ ನ್ಯೂಟ್ರಲ್ ಕಿತ್ತು ಮನೆಗೆ 400 ಹತ್ರ ವೋಲ್ಟ್ ಬಂದಿತ್ತು, ಎಸ್‌ಪಿಡಿ ತಾನೇ ಸುಟ್ಟು ಕರಿಯಾಯ್ತು, ಜೊತೆಗೆ ಮಿಕ್ಸಿ ಚಾರ್ಜರ್ ಎಲ್ಲ ಹೋಯ್ತು. ಅದು ಸರ್ಜ್ ಅಲ್ಲ, ಗಂಟೆಗಟ್ಲೆ ನಿಲ್ಲೋ ಓವರ್ ವೋಲ್ಟೇಜು, ಅದಕ್ಕೆ ಬೇರೆ ಕಟ್-ಆಫ್ ರಿಲೇ ಬೇಕು.

ತೋಟದಮನೆ:
ಥ್ಯಾಂಕ್ಸ್. ಅರ್ತಿಗೆ ಹೊಸ ಗುಂಡಿ ತೆಗೆಸ್ಬೇಕಾ? ಹಳೇದು ಬಚ್ಚಲ ಹಿಂದೆ ಇದೆ.

ಬೋರ್ಡ್‌ಕೆಲಸ:
ತೆಗೆಸಿ, ಆದ್ರೆ ಹಳೇದನ್ನ ಹೊಸದಕ್ಕೆ ವೈರಲ್ಲಿ ಜೋಡಿಸ್ಲೇಬೇಕು. ಎಸ್‌ಪಿಡಿಗೆ ಒಂದು, ಮನೆಗೆ ಒಂದು ಅಂತ ಬೇರೆ ಬೇರೆ ಬಿಟ್ರೆ ಸಿಡಿಲು ಬಿದ್ದಾಗ ಎರಡರ ಮಧ್ಯೆ ಸಾವಿರಾರು ವೋಲ್ಟ್ ನಿಲ್ಲುತ್ತೆ, ನಡುವೆ ಸಿಕ್ಕೋದು ನಿಮ್ ಫ್ರಿಜ್ಜೇ. ಅಂಗಡೀಲಿ 1+1 ಅಂತ ಕೇಳಿ (ಟೈಪ್ 1+2 ಬೇರೆ, ಇದು ಒಳಗಿನ ಜೋಡಣೆ), ಅದ್ರಲ್ಲಿ ಫೇಸ್-ನ್ಯೂಟ್ರಲ್ ಮಧ್ಯೆ ಎಂಒವಿ, ನ್ಯೂಟ್ರಲ್-ಅರ್ತ್ ಮಧ್ಯೆ ಗ್ಯಾಸ್ ಟ್ಯೂಬ್ ಇರುತ್ತೆ, ಆರ್‌ಸಿಸಿಬಿಗಿಂತ (ಕರೆಂಟು ಸೋರಿದ್ರೆ ಕಟ್ ಮಾಡೋ ಸ್ವಿಚ್ಚು) ಮುಂಚೆ ಹಾಕ್ಬಹುದು. ಮಳೆಗಾಲಕ್ಕೆ ಮುಂಚೆ ಒಂದ್ಸಲ ಎಸ್‌ಪಿಡಿ ಮೇಲಿರೋ ಪುಟ್ಟ ಕಿಟಕಿ ನೋಡಿ, ಹಸಿರು ಹೋಗಿ ಕೆಂಪಾಗಿದ್ರೆ ಸತ್ತಿದೆ ಅಂತ. ಗುಡುಗು ಶುರುವಾದ್ರೆ ಪ್ಲಗ್ ಕೀಳೋ ಅಭ್ಯಾಸ ಮಾತ್ರ ಬಿಡ್ಬೇಡಿ.

ತೋಟದಮನೆ:
ಈಗ್ಲೇ ಟೇಪ್ ಹಿಡಿದು ನೋಡ್ದೆ. ಎಸ್‌ಪಿಡಿ ಕೂರ್ಸೋಣ ಅಂದ್ಕೊಂಡಿದ್ದ ಜಾಗದಿಂದ ಅರ್ತ್ ಬಾರಿಗೇ ಎರಡು ಮೀಟರ್ ಮೇಲಾಗುತ್ತೆ. ಬಾರ್‌ನೇ ಬೋರ್ಡೊಳಗೆ ತರ್ಬೇಕು, ಎಲೆಕ್ಟ್ರಿಷಿಯನ್ ಗೊಣಗ್ತಾನೆ, ಗೊಣಗ್ಲಿ.