ಹೈದರಾಬಾದ್–ಲಂಡನ್: ಹೋಗ್ಲಿಕ್ಕೆ 5 ತಾಸು, ಬರ್ಲಿಕ್ಕೆ 14½ ತಾಸು ಹೆಂಗ?

ಮಾನ್ವಿ ಮಂದಿ
ರಾಯಚೂರಿನಿಂದ ಶಂಶಾಬಾದ್ (ಹೈದರಾಬಾದ್ ವಿಮಾನ ನಿಲ್ದಾಣ) ತನಕ ಕಾರು, ಅಲ್ಲಿಂದ ನೇರ ಲಂಡನ್ನಿನ ಹೀಥ್ರೂ ನಿಲ್ದಾಣ. ಜನವರಿ 20ಕ್ಕ ಮುಂಜಾನೆ 7:30ಕ್ಕ ಬಿಟ್ಟು ಮಧ್ಯಾಹ್ನ 12:30ಕ್ಕ ಮುಟ್ಟತದ ಅಂತ ಟಿಕೆಟ್‌ನಾಗ ಅದ. ವಾಪಸ್ ಬರೋವಾಗ ಮಧ್ಯಾಹ್ನ 3ಕ್ಕ ಬಿಟ್ಟು ಮರುದಿನ ನಸುಕಿನ 5:30. ದಾರಿ ಅದೇ, ದೂರ ಅದೇ. ಖರೇ ಎಷ್ಟು ತಾಸು ಕೂಡಬೇಕಾಗ್ತದ? ರಾಯಚೂರು ಎಷ್ಟಕ್ಕ ಬಿಡಬೇಕು?

ಎಡದಂಡೆ
ಅಣ್ಣಾರ, ಟಿಕೆಟ್‌ನಾಗ ಆಯಾ ಊರಿನ ಗಡಿಯಾರದ ಟೈಮೇ ಇರ್ತದ. ಚಳಿಗಾಲದಾಗ ಲಂಡನ್ ನಮಗಿಂತ 5½ ತಾಸು ಹಿಂದ. ಅಲ್ಲಿ 12:30 ಆದಾಗ ಇಲ್ಲಿ ಸಂಜಿ 6, ಅಂದ್ರ ಹೋಗ್ಲಿಕ್ಕೆ 10½ ತಾಸು. ಬರೋವಾಗ ಅವರ 3 ಗಂಟಿ ನಮ್ಮ ರಾತ್ರಿ 8:30. ಅಲ್ಲಿಂದ ಎಣಿಸಿದ್ರ ಬರೇ 9 ತಾಸು. ಮಾರ್ಚ್ ಕೊನೇ ಐತವಾರ ಅವರು ಗಡಿಯಾರ ಒಂದು ತಾಸು ಮುಂದ ಇಡ್ತಾರ. ಅಕ್ಟೋಬರ್ ಕೊನೇ ಐತವಾರದ ತನಕ ಅಂತರ 4½ ತಾಸೇ. ಅವಾಗ ಬರೋದಿದ್ರ ಈ ಲೆಕ್ಕ ನಡೆಯಂಗಿಲ್ಲ.

ರನ್‌ವೇ 09
ಉಳಿದ ಒಂದೂವರೆ ಗಂಟೆಯ ವ್ಯತ್ಯಾಸ ಗಾಳಿಯದ್ದು. ಹತ್ತು-ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲೇ ಹೆಚ್ಚು ಜೋರು. ವಿಮಾನ ಗಾಳಿಯಲ್ಲಿ ಹೋಗುವುದು ಗಂಟೆಗೆ ಸುಮಾರು 900 ಕಿ.ಮೀ. ಎದುರುಗಾಳಿ ಸರಾಸರಿ 70 ಇದ್ದರೆ ನೆಲದ ಲೆಕ್ಕಕ್ಕೆ 830, ಬೆನ್ನಗಾಳಿಯಾದರೆ 970. ಸೀಟಿನ ಮುಂದಿನ ಪರದೆಯಲ್ಲಿ ‘ಗ್ರೌಂಡ್ ಸ್ಪೀಡ್’ ನೋಡ್ತಾ ಇರಿ, ಅಂಕಿ ಏರಿಳಿಯುವುದು ಕಾಣುತ್ತದೆ.

ದೂರ ಭೂಗೋಳದ ಮೇಲೆ ಅಳೆದರೆ ಸುಮಾರು 7,750 ಕಿ.ಮೀ. ಗೋಡೆಯ ನಕಾಶೆಯ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆ ನಂಬಬೇಡಿ. ಗೋಳದ ಮೇಲಿನ ಹತ್ತಿರದ ದಾರಿ ಆ ನಕಾಶೆಯಲ್ಲಿ ಉತ್ತರಕ್ಕೆ ಬಾಗಿ ಕಾಣುತ್ತದೆ. ಯುದ್ಧದ ಪ್ರದೇಶ, ಮುಚ್ಚಿದ ವಾಯುಪ್ರದೇಶ ಸುತ್ತಿ ಹೋಗಬೇಕಾದರೆ ನೂರಾರು ಕಿ.ಮೀ. ಕೂಡುತ್ತದೆ. ಟಿಕೆಟ್ಟಿನ ಅವಧಿಯಲ್ಲಿ ಹಾರಾಟ ಮಾತ್ರವಲ್ಲ, ಗೇಟು ಬಿಟ್ಟಲ್ಲಿಂದ ಗೇಟು ಸೇರುವ ತನಕ ನೆಲದ ಮೇಲೆ ಉರುಳುವುದೂ ಸೇರಿದೆ. ಹೀಥ್ರೂ ದಟ್ಟಣೆಯ ನಿಲ್ದಾಣ, ಇಳಿಯುವ ಮುಂಚೆ ಆಕಾಶದಲ್ಲೇ ನಾಲ್ಕು ಸುತ್ತು ಹಾಕಿಸಿದರೆ ಗಾಬರಿ ಬೇಡ.

ಕೃಷ್ಣಾ ಬ್ರಿಡ್ಜ್
ರೋಡಿನ ಮಾತು. ಶಕ್ತಿನಗರ, ಮಕ್ತಲ್, ಮಹಬೂಬ್‌ನಗರ, ಜಡಚರ್ಲಾದಾಗ 44ರ ಹೈವೇ ಹಿಡಿದು ಶಾದನಗರ, ಶಂಶಾಬಾದ್. ಸುಮಾರು 190 ಕಿ.ಮೀ. ವಿಮಾನ ನಿಲ್ದಾಣ ಊರಿಗಿಂತ ಮುಂಚೇನೇ ಸಿಗ್ತದ, ಹೈದರಾಬಾದ್ ಒಳಗ ಹೋಗೋ ಕೆಲಸ ಇಲ್ಲ. ರೈಲಿಗೆ ಹೋದ್ರ ಊರು ಮುಟ್ಟಿ ಮತ್ತ ಇಪ್ಪತ್ತು-ಇಪ್ಪತ್ತೈದು ಕಿ.ಮೀ. ಹಿಂದ ಬರಬೇಕು.

ಹಿಂದಿನಿಂದ ಎಣಿಸ್ರಿ: 7:30ಕ್ಕ ವಿಮಾನ, 3 ತಾಸು ಮುಂಚೆ ಅಂದ್ರ 4:30ಕ್ಕ ನಿಲ್ದಾಣ. ದಾರಿಗೆ 4 ತಾಸು, ಪಂಕ್ಚರು, ಚಾ ಅಂತ ಇನ್ನೊಂದು. ರಾತ್ರಿ 11:30ಕ್ಕ ಮನಿ ಬಿಡಬೇಕು, ಅದೂ 19ರ ರಾತ್ರಿ. ಟಿಕೆಟ್‌ನಾಗ 20 ಅದ ಅಂತ ಕಾರಿಗೂ 20 ಅಂತ ಹೇಳೋರು ಭಾಳ ಮಂದಿ. ಸಾಮಾನು ಕೊಡೋ ಕೌಂಟರು ಸಾಮಾನ್ಯವಾಗಿ ಒಂದು ತಾಸು ಮುಂಚೆ ಮುಚ್ಚತದ. ಆಮ್ಯಾಲ ವಿಮಾನ ಕಣ್ಣೆದುರಿಗೇ ನಿಂತಿದ್ರೂ ಒಳಗ ಬಿಡಂಗಿಲ್ಲ.